ಕಲ್ಲೊಳಗಿನ ಬೇಸಿಗೆ

ಆಲ್ಪ್ಸ್‌ನ ಹಿಮ ಕರಗುವುದೇ ಬೇಸಿಗೆಯಲ್ಲಿ. ಅದಕ್ಕೇ ಜುಲೈನಲ್ಲಿ ಜಿನೀವಾ ಸರೋವರ ತುಂಬಿರುತ್ತದೆ, ದಂಡೆಯಲ್ಲಿ ಜನ ಕಾಲು ಚಾಚಿ ಕೂತಿರುತ್ತಾರೆ. ನಮ್ಮ ಮಾಂಜ್ರಾ ಮಳೆ ನಂಬಿದ ನದಿ. ಔರಾದ, ಭಾಲ್ಕಿ ಕಡೆ ಮೇ ತಿಂಗಳಲ್ಲಿ ಅದು ಸೊರಗಿರುತ್ತದೆ. ಹಾಗಂತ ಬೀದರಿನವರಿಗೆ ನೀರ ಬದಿಯ ಬಿಡುವೇ ಇಲ್ಲವೆಂದಲ್ಲ, ಅದು ಕಲ್ಲಿನೊಳಗಿದೆ. ಊರು ಕೂತಿರುವುದು ಜಂಬಿಟ್ಟಿಗೆಯ ಮೇಲೆ. ತೂತುತೂತಾದ ಈ ಕಲ್ಲು ಮಳೆನೀರು ಹೀರುತ್ತದೆ. ಕೆಳಗಿನ ಕರಿಗಲ್ಲು ತಡೆದಲ್ಲಿ ನೀರು ಅಂಚಿಗೆ ಬಂದು ಝರಿಯಾಗುತ್ತದೆ. ಝರಣಿ ನರಸಿಂಹ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಲ್ಲಿ ಸುಮಾರು 300 ಮೀಟರ್ ನಡೆಯುತ್ತಾರೆ, ತಲೆಯ ಮೇಲೆ ಬಾವಲಿಗಳು. ಗುರುದ್ವಾರದ ಝರಿಯಾದ ನಾನಕ ಝರಾದ ಗುಟ್ಟೂ ಇದೇ. 15ನೆಯ ಶತಮಾನದ ಬಹಮನಿ ಕಾಲದಲ್ಲಿ ನೌಬಾದಿನಲ್ಲಿ ಕರೇಜ್ ಎಂಬ ನೀರಿನ ಸುರಂಗ ತೋಡಿದವರು ಈ ಕಲ್ಲಿನ ಗುಣ ಬಲ್ಲವರು.

ದೇವರ ನೀರನ್ನು ಮೋಜಿಗೆ ಎಳೆಯಬೇಡಿ ಎನ್ನುವವರಿದ್ದಾರೆ. ಮಾತು ಸರಿಯೇ, ಆದರೆ ಅರ್ಧ ಮಾತ್ರ. ಯಾತ್ರೆಗೆ ಬಂದವರೂ ಮಿಂದು, ಬುತ್ತಿ ಬಿಚ್ಚಿ, ನೆರಳಲ್ಲಿ ಒಂದು ಗಳಿಗೆ ಒರಗಿಯೇ ಏಳುವುದು. (ರಜೆ ಎಂಬ ಹೆಸರಷ್ಟೇ ಇಲ್ಲ.) ದೊಡ್ಡ ನೀರೇ ಬೇಕೆಂದರೆ ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿ ಬಳಿ ಕಾರಂಜಾ ಜಲಾಶಯವಿದೆ. ಅದು ಹೊಲಕ್ಕೂ ಕೊಡಕ್ಕೂ ಹೋಗುವ ನೀರು. ಈಜಿಗಲ್ಲ, ಬಿಸಿಲಿಳಿದ ಮೇಲೆ ದಂಡೆಯಲ್ಲಿ ಕೂತು ಗಾಳಿ ತಗೊಳ್ಳೋದಕ್ಕೆ.