ತೊಗರಿ ಬೇರು ಮಣ್ಣಿಗೆ ಏನು ಬಿಡುತ್ತೆ?

ಹೈದರಾಬಾದಿನಲ್ಲಿರೋರು ಪಟಾನ್‌ಚೆರು ಕಡೆ ಇಕ್ರಿಸ್ಯಾಟ್ ನೋಡಿರ್ತೀರಿ. ತೊಗರಿಯ ಒಂದು ಗುಟ್ಟು ಬಯಲಾಗಿದ್ದು ಅಲ್ಲೇ. ಕೆಂಪು ಮಣ್ಣಲ್ಲಿ ರಂಜಕ ಇರುತ್ತೆ, ಆದ್ರೆ ಬಹುಪಾಲು ಕಬ್ಬಿಣಕ್ಕೆ ಅಂಟಿಕೊಂಡಿರುತ್ತೆ. ಜೋಳದ ಬೇರಿಗೆ ಅದು ಸುಲಭಕ್ಕೆ ಸಿಗಲ್ಲ. ತೊಗರಿ ಬೇರು ಪಿಸಿಡಿಕ್ ಆಮ್ಲ ಬಿಡುತ್ತೆ. ಅದು ಕಬ್ಬಿಣವನ್ನ ಹಿಡಿದುಕೊಂಡಾಗ ರಂಜಕ ಬಿಡುಗಡೆಯಾಗುತ್ತೆ. ಜಪಾನಿನ ನೊರಿಹಾರು ಅಯೆ ತಂಡ ಇದನ್ನ 1990ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಕಪ್ಪು ಮಣ್ಣಿನ ಕಡಲೆಯದು ಬೇರೆ ದಾರಿ: ಅಲ್ಲಿ ರಂಜಕವನ್ನ ಹಿಡಿದಿರೋದು ಕ್ಯಾಲ್ಸಿಯಂ, ಅದಕ್ಕೆ ಸಿಟ್ರಿಕ್ ಆಮ್ಲ. ಹೌದು, ನಿಂಬೆಹುಳಿಯಲ್ಲಿರೋದೇ!

ಊರಲ್ಲಿ ಅಪ್ಪ ಡಿಎಪಿ ಚೀಲಕ್ಕೆ ದುಡ್ಡು ಕೇಳಿದಾಗೆಲ್ಲ ನನಗಿದು ನೆನಪಾಗುತ್ತೆ. ಹಾಗಂತ ಗೊಬ್ಬರ ನಿಲ್ಲಿಸಿ ಅಂತ ಫೋನ್ ಮಾಡಬೇಡಿ. ಬೇರು ರಂಜಕವನ್ನ ಹುಟ್ಟಿಸಲ್ಲ, ಇದ್ದದ್ದನ್ನ ಬಿಡಿಸುತ್ತೆ. ಅದರಲ್ಲಿ ಸ್ವಲ್ಪ ಪಾಲು ಉದುರಿದ ಎಲೆಯ ಜೊತೆ ಮುಂದಿನ ಬೆಳೆಗೂ ಸಿಗುತ್ತೆ.