ಮೀಟರು ತೋರಿಸುವ ವೋಲ್ಟು, ಮೈಗೆ ತಾಗುವ ಕರೆಂಟು

ಸ್ವಿಚ್ ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬು ಮಿಣುಕುತ್ತಲೇ ಇರುತ್ತದೆ. ಬಲ್ಬು ತೆಗೆದು ಹೋಲ್ಡರಿಗೆ ಮಲ್ಟಿಮೀಟರ್ ಹಿಡಿದರೆ 80 ವೋಲ್ಟೋ 90 ವೋಲ್ಟೋ ತೋರಿಸುತ್ತದೆ. ಅದೇ ಮೀಟರನ್ನು ಪ್ಲಗ್ಗಿನ ಫೇಸಿಗೂ ಅರ್ತಿಗೂ ಇಟ್ಟರೆ ಚೊಕ್ಕವಾಗಿ 230. ಪಡುಬಿದ್ರಿ, ಕಾಪು ಕಡೆಯ ಮನೆಯಲ್ಲಿ ಇದನ್ನು ನೋಡಿದವರು ಸಾಮಾನ್ಯವಾಗಿ ಎರಡು ತೀರ್ಮಾನಕ್ಕೆ ಬರುತ್ತಾರೆ: ‘ಸ್ವಿಚ್ಚಿನಲ್ಲಿ ಅರ್ಧ ಕರೆಂಟ್ ಬರ್ತಾ ಉಂಟು’, ‘ಅರ್ತ್ ಸರಿ ಉಂಟು’. ಎರಡೂ ತಪ್ಪಾಗಿರಬಹುದು. ಎರಡು ತಪ್ಪಿಗೂ ಕಾರಣ ಮಾತ್ರ ಒಂದೇ.

ಮೀಟರಿನ ಒಳಗೆ ಏನಾಗುತ್ತದೆ ಎಂದು ನೋಡೋಣ. ಸಾಮಾನ್ಯ ಡಿಜಿಟಲ್ ಮೀಟರಿನ ಚಿಪ್ಪು ನೇರವಾಗಿ ಅಳೆಯಬಲ್ಲದ್ದು ಒಂದು ವೋಲ್ಟಿನ ಐದನೇ ಒಂದು ಪಾಲನ್ನು, ಅಂದರೆ 200 ಮಿಲಿವೋಲ್ಟನ್ನು. ಆದ್ದರಿಂದ ಮನೆಯ 230 ವೋಲ್ಟನ್ನು ರೆಸಿಸ್ಟರುಗಳ ಸರಣಿಯ ಮೂಲಕ ಸಾವಿರಾರು ಪಾಲು ಕುಗ್ಗಿಸಿ ಚಿಪ್ಪಿಗೆ ಕೊಡಬೇಕು. ಚಿಪ್ಪು ಒಂದು ಪುಟ್ಟ ಕೆಪಾಸಿಟರನ್ನು ನಿಗದಿತ ಹೊತ್ತು ತುಂಬಿಸಿ, ಅದು ಬರಿದಾಗಲು ಎಷ್ಟು ಹೊತ್ತು ಬೇಕಾಯಿತು ಎಂದು ಎಣಿಸುತ್ತದೆ. ಪರದೆಯ ಮೇಲೆ ಮೂಡುವ ಅಂಕಿ ಆ ಎಣಿಕೆಯೇ. ಒಳ್ಳೆಯ ಮೀಟರುಗಳಲ್ಲಿ ಆ ರೆಸಿಸ್ಟರುಗಳ ಒಟ್ಟು ತಡೆ ಸುಮಾರು 1 ಕೋಟಿ ಓಮ್. 230 ವೋಲ್ಟಿನಲ್ಲಿ ಅದು ಸರ್ಕ್ಯೂಟಿನಿಂದ ಎಳೆಯುವ ಕರೆಂಟು 23 ಮೈಕ್ರೋಆಂಪಿಯರ್ ಮಾತ್ರ. ಅಳೆಯುವ ವಸ್ತುವನ್ನು ಕದಲಿಸದೆ ಅಳೆಯುವ ಈ ನಯವೇ ಮೀಟರಿನ ಹೆಚ್ಚುಗಾರಿಕೆ. ಅದರ ಕುರುಡೂ ಅಲ್ಲೇ ಇದೆ.

ಬಲ್ಬಿನ ವಿಷಯ ತೆಗೆದುಕೊಳ್ಳಿ. ಒಂದೇ ಪೈಪಿನಲ್ಲಿ ಫೇಸ್ ತಂತಿಯೂ ಆಫ್ ಆದ ತಂತಿಯೂ ಹತ್ತಾರು ಅಡಿ ಜೊತೆಜೊತೆಗೆ ಸಾಗಿದಾಗ ಅವೆರಡೂ ಸೇರಿ ಒಂದು ಸಣ್ಣ ಕೆಪಾಸಿಟರ್ ಆಗುತ್ತವೆ. 50 ಹರ್ಟ್ಸ್ ಕರೆಂಟು ಅದರೊಳಗಿಂದ ತುಸುವೇ ಜಿನುಗುತ್ತದೆ. ಮಳೆಗಾಲದಲ್ಲಿ ಸ್ವಿಚ್ಚಿನೊಳಗೆ ಕೂತ ತೇವ, ಕಡಲಗಾಳಿಯ ಉಪ್ಪು ಇನ್ನಷ್ಟು ದಾರಿ ಮಾಡಿಕೊಡುತ್ತವೆ. ಹೆಚ್ಚೇನೂ ಎಳೆಯದ ಮೀಟರಿಗೆ ಇಷ್ಟು ಸಾಕು, 90 ವೋಲ್ಟ್ ಎಂದುಬಿಡುತ್ತದೆ. ಅಲ್ಲೇ ಒಂದು ಹಳೆಯ 60 ವಾಟ್ ತಂತಿಬಲ್ಬು ಸಿಕ್ಕಿಸಿ ಅಳೆದರೆ ಅಂಕಿ ಸೊನ್ನೆಯ ಹತ್ತಿರ ಬೀಳುತ್ತದೆ. ಹಾಗೆ ಬಿದ್ದರೆ ಅದು ಬಲವಿಲ್ಲದ ಪೊಳ್ಳು ವೋಲ್ಟೇಜು. ಬೀಳದಿದ್ದರೆ ನಿಜವಾದ ಕರೆಂಟೇ ಬರುತ್ತಿದೆ, ಸ್ವಿಚ್ಚು ಬದಲಿಸಬೇಕು. 1923ರಲ್ಲಿ ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ರೂಪಿಸಿದ ಆವೋಮೀಟರಿನಿಂದ ಬೆಳೆದು ಬಂದ ಮುಳ್ಳಿನ ಮೀಟರುಗಳಿಗೆ ಈ ಕಾಟ ಕಡಿಮೆ. ಮುಳ್ಳನ್ನು ತಿರುಗಿಸಲು ಹೆಚ್ಚು ಕರೆಂಟು ಬೇಕಿದ್ದರಿಂದ ಪೊಳ್ಳು ವೋಲ್ಟೇಜು ಅವುಗಳ ಮುಂದೆ ಕುಸಿಯುತ್ತಿತ್ತು.

ಅರ್ತಿನ ವಿಷಯ ಇದಕ್ಕಿಂತ ಗಂಭೀರ. ನಮ್ಮದು ಮುರಕಲ್ಲಿನ ನೆಲ. ಬೇಸಿಗೆಯಲ್ಲಿ ಒಣಗಿದರೆ ಕರೆಂಟನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಿಮ್ಮ ಅರ್ತ್ ಗುಂಡಿಯ ತಡೆ 1000 ಓಮ್‌ಗೆ ಏರಿದೆ ಎಂದಿಟ್ಟುಕೊಳ್ಳಿ. ಮೀಟರಿನ 23 ಮೈಕ್ರೋಆಂಪಿಯರ್ ಅದರಲ್ಲಿ ಹರಿದಾಗ ಕಳೆದುಹೋಗುವುದು 0.023 ವೋಲ್ಟ್. ಪರದೆಯಲ್ಲಿ ಮತ್ತೆ 230ರ ಅಂಕಿಯೇ ಕಾಣುತ್ತದೆ. ಆದರೆ ಗ್ರೈಂಡರಿನ ಮೈಗೆ ಫೇಸ್ ತಾಗಿದ ದಿನ ಆ ಗುಂಡಿಯೊಳಗೆ ಹರಿಯುವುದು ಕಾಲು ಆಂಪಿಯರಿಗಿಂತ ಕಡಿಮೆ. 16 ಆಂಪಿಯರಿನ ಎಂಸಿಬಿ ಬೀಳುವ ಮಾತೇ ಇಲ್ಲ. ಗ್ರೈಂಡರು ಜೀವಂತವಾಗಿಯೇ ಉಳಿಯುತ್ತದೆ. ಅರ್ತನ್ನು ಅಳೆಯಲು ನೆಲಕ್ಕೆ ಸರಳು ಹೊಡೆದು ಪರೀಕ್ಷಿಸುವ ಬೇರೆಯೇ ಉಪಕರಣವಿದೆ. ಆ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಬರಬೇಕು, ಮಲ್ಟಿಮೀಟರಿಗೆ ಒಪ್ಪಿಸಬಾರದು.

ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ 600 ಮೆಗಾವಾಟಿನ ಎರಡು ಘಟಕಗಳು ಪಡುಬಿದ್ರಿಯ ನೆರೆಯಲ್ಲೇ ಇವೆ. ಅಲ್ಲಿಂದ ಹಾಸನದ ಶಾಂತಿಗ್ರಾಮಕ್ಕೆ ಹೋಗುವ 400 ಕಿಲೋವೋಲ್ಟಿನ ಗೋಪುರಗಳ ಹತ್ತಿರ ಯಾರೂ ಸುಳಿಯುವುದಿಲ್ಲ. ಮೆಸ್ಕಾಂ ಮನೆಗೆ ಕೊಡುವ 230 ವೋಲ್ಟಿನ ಬಗ್ಗೆ ಅಂಥ ಹೆದರಿಕೆ ಇಲ್ಲ, ಇರಬೇಕು. ಒದ್ದೆ ಮೈಯ ತಡೆ 1000 ಓಮ್‌ನ ಸುತ್ತ ಇಳಿದಾಗ ಹರಿಯುವ 230 ಮಿಲಿಆಂಪಿಯರ್ ಹೃದಯದ ಬಡಿತ ಕೆಡಿಸಲು ಬೇಕಾದಷ್ಟಾಯಿತು.

ಅದಕ್ಕೇ ಕೈ ಹಾಕುವ ಮುನ್ನ ತಂತಿ ಸತ್ತಿದೆ ಎಂದು ಖಾತ್ರಿ ಮಾಡಿಕೊಳ್ಳುವುದು ಮಲ್ಟಿಮೀಟರಿನ ಅತಿ ದೊಡ್ಡ ಉಪಯೋಗ. ಟೆಸ್ಟರ್ ಉರಿಯಲಿಲ್ಲ ಎಂಬುದು ಖಾತ್ರಿಯಲ್ಲ. ಅದರ ಪುಟ್ಟ ದೀಪ ಉರಿಯುವುದು ನಮ್ಮ ಮೈಯ ಮೂಲಕ ಹರಿಯುವ ಕರೆಂಟಿನಿಂದ. ಒಣ ಮರದ ಸ್ಟೂಲಿನ ಮೇಲೆ, ರಬ್ಬರ್ ಚಪ್ಪಲಿಯಲ್ಲಿ ನಿಂತಾಗ ಅದು ಕಣ್ಣಿಗೆ ಕಾಣದಷ್ಟು ಮಂಕಾಗಬಹುದು. ಮೀಟರನ್ನು ಮೊದಲು ಕರೆಂಟ್ ಇರುವ ಪ್ಲಗ್ಗಿನಲ್ಲಿ ಹಿಡಿದು 230 ಬರುತ್ತದೆಯೇ ನೋಡಿ. ಆಮೇಲೆ ಮೇನ್ ಆಫ್ ಮಾಡಿ ಕೆಲಸದ ಜಾಗದಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಮೂರನ್ನೂ ಅಳೆಯಿರಿ. ಕೊನೆಗೆ ಕರೆಂಟ್ ಇರುವ ಕಡೆ, ಮೇನಿನ ಒಳಬರುವ ಕಡೆಯಲ್ಲೋ ಇನ್ವರ್ಟರ್ ಪ್ಲಗ್ಗಿನಲ್ಲೋ, ಮತ್ತೊಮ್ಮೆ ಹಿಡಿಯಿರಿ. ನಡುವೆ ಮೀಟರಿನ ತಂತಿ ತುಂಡಾಗಿದ್ದರೂ ಪರದೆ ಸೊನ್ನೆಯನ್ನೇ ತೋರಿಸುತ್ತದೆ. ಈ ಕೊನೆಯ ಪರೀಕ್ಷೆ ಬಿಟ್ಟರೆ ಅದು ಗೊತ್ತಾಗುವುದೇ ಇಲ್ಲ.

ಕೆಂಪು ತಂತಿ ಯಾವ ತೂತಿನಲ್ಲಿದೆ ಎಂದೂ ಪ್ರತಿಸಲ ನೋಡಿ. 10 ಆಂಪಿಯರಿನ ತೂತಿನಲ್ಲಿದ್ದರೆ ಮೀಟರಿನ ತಡೆ ಸೊನ್ನೆಗೆ ಸಮ, ಪ್ಲಗ್ಗಿಗೆ ಇಟ್ಟ ಕ್ಷಣ ಶಾರ್ಟ್ ಸರ್ಕ್ಯೂಟು. ಅಗ್ಗದ ಹಲವು ಹಳದಿ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ. ಮೇನ್ ಬೋರ್ಡು ಮುಟ್ಟುವವರು ‘ಕ್ಯಾಟ್ 3, 600 ವೋಲ್ಟ್’ ಎಂದು ಬರೆದಿರುವ, ಹೆಸರುವಾಸಿ ತಯಾರಕರ ಮೀಟರನ್ನೇ ಕೊಳ್ಳಬೇಕು. ಓಮ್, ಬೀಪ್ ಪರೀಕ್ಷೆಗಳೆಲ್ಲ ಸತ್ತ ತಂತಿಗೆ ಮಾತ್ರ.

ಫೇಸ್–ಅರ್ತ್ 230 ಇದ್ದು ಫೇಸ್–ನ್ಯೂಟ್ರಲ್ ಸೊನ್ನೆಯ ಹತ್ತಿರವಿದ್ದರೆ ನ್ಯೂಟ್ರಲ್ ಕಡಿದಿದೆ. ಫೇಸ್–ನ್ಯೂಟ್ರಲ್ 280, 300 ಎಂದು ಏರಿದ್ದರೆ ಕಂಬದ ಕಡೆಯ ನ್ಯೂಟ್ರಲ್ ಕಳಚಿರುವ ಸಾಧ್ಯತೆ ದೊಡ್ಡದು. ಮೇನ್ ಆಫ್ ಮಾಡಿ 1912ಕ್ಕೆ ಫೋನ್ ಮಾಡಿ. ಸ್ವಿಚ್ಚು, ಹೋಲ್ಡರು, ಫ್ಯಾನು ಇದ್ದದ್ದಕ್ಕೆ ಇದ್ದಂಥದ್ದನ್ನೇ ಬದಲಿಸಲು ಕಾನೂನು ನಮ್ಮನ್ನು ಬಿಡುತ್ತದೆ. ಹೊಸ ವೈರಿಂಗ್ ಲೈಸೆನ್ಸ್ ಇರುವ ಗುತ್ತಿಗೆದಾರರ ಕೆಲಸ.

ಮೀಟರಿಗೆ ಕಾಣದ ಅರ್ತ್ ದೋಷದಿಂದ ಜೀವ ಉಳಿಸುವುದು ಕರೆಂಟು ಸೋರಿದೊಡನೆ ತಾನಾಗಿ ಆಫ್ ಆಗುವ ಸ್ವಿಚ್ಚು, 30 ಮಿಲಿಆಂಪಿಯರಿನ ಆರ್‌ಸಿಸಿಬಿ. ನಿಮ್ಮ ಮೇನ್ ಬೋರ್ಡಿನಲ್ಲಿ ಅದಿಲ್ಲದಿದ್ದರೆ ಮಳೆಗಾಲಕ್ಕೆ ಮುಂಚೆ ಹಾಕಿಸಿ. ಇದ್ದರೆ ಅದರ ಮೇಲಿನ ‘ಟಿ’ ಗುಂಡಿಯನ್ನು ಇವತ್ತೇ ಒತ್ತಿ ನೋಡಿ. ಒತ್ತಿದಾಗ ಕರೆಂಟ್ ಹೋಗದಿದ್ದರೆ ಅದು ಕೆಟ್ಟಿದೆ, ಬದಲಿಸಿ.