ಹಸ್ತಪ್ರತಿ ಸಂಪಾದನೆಗೆ ಚಕ್ರಾಕಾರದ ಮೆನು: ಆಯ್ಕೆಯ ವಿಚಾರ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಿಲಾಶಾಸನದ ಮಹತ್ತ್ವವು ವಿದ್ವಾಂಸರಿಗೆ ವಿದಿತವೇ ಆಗಿದೆ. ಅದುವರೆಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದ ಮಾತ್ರ ಧರ್ಮಶಾಸನಗಳಲ್ಲಿ ಕಾಣಿಸಿಕೊಂಡಿದ್ದ ಅರಸನು ಅಶೋಕನೇ ಎಂಬುದು ಆ ಬಂಡೆಯಲ್ಲಿ ಉಳಿದಿದ್ದ ಒಂದು ಹೆಸರಿನಿಂದ ಸ್ಥಿರಪಟ್ಟಿತು. ಲಿಖಿತದಲ್ಲಿ ಇರುವುದು ಇರುವಂತೆಯೇ ಉಳಿಯಬೇಕು, ಇರುವಂತೆಯೇ ಓದಲ್ಪಡಬೇಕು ಎಂಬ ನಿಯಮಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಶಿಲೆಗೆ ಸಲ್ಲುವ ಈ ನಿಯಮ ತಾಳೆಯೋಲೆಗೂ ಸಲ್ಲುತ್ತದೆ. ಓಲೆಯ ಪಾಠವನ್ನು ಗಣಕಯಂತ್ರಕ್ಕೆ ಇಳಿಸುವ ಇಂದಿನ ಕಾರ್ಯಕ್ಕೂ ಸಲ್ಲುತ್ತದೆ. ಆ ಕಾರ್ಯದಲ್ಲಿ ನೆರವಾಗಬಲ್ಲ ಒಂದು ಸಣ್ಣ ಉಪಕರಣವನ್ನು ಆರಿಸುವ ಬಗೆಯನ್ನು ಇಲ್ಲಿ ವಿಚಾರಿಸಲಾಗಿದೆ.

ಓಲೆಯ ಪಾಠವನ್ನು ಪ್ರತಿ ಮಾಡುವವನು ಅಕ್ಷರಗಳ ಜೊತೆಗೆ ಅನೇಕ ಚಿಹ್ನೆಗಳನ್ನೂ ಪದೇ ಪದೇ ಹಾಕಬೇಕಾಗುತ್ತದೆ. ತ್ರುಟಿತ ಭಾಗ, ಸಂದಿಗ್ಧ ಅಕ್ಷರ, ಲಿಪಿಕಾರನೇ ಹೊಡೆದುಹಾಕಿದ ಭಾಗ, ಪತ್ರದ ಸಂಖ್ಯೆ, ಪತ್ರದ ಮುಂಬದಿ ಮತ್ತು ಹಿಂಬದಿ, ಅವಗ್ರಹ, ಱಕಾರ, ೞಕಾರ ಇವೆಲ್ಲ ಕೀಲಿಮಣೆಯಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಪ್ರತಿಯೊಂದಕ್ಕೂ ಶಾರ್ಟ್‌ಕಟ್ ಕೀಲಿಗಳನ್ನು ಗೊತ್ತುಮಾಡಬಹುದಾದರೂ ಇಪ್ಪತ್ತು ಮೂವತ್ತು ಕೀಲಿಗಳ ಜೋಡಣೆಯನ್ನು ನೆನಪಿಡುವುದು ಶ್ರಮದ ಕೆಲಸ. ಉದ್ದನೆಯ ಪಟ್ಟಿಯಿಂದ ಆರಿಸಹೋದರೆ ದೃಷ್ಟಿಯು ಓಲೆಯ ಚಿತ್ರದಿಂದ ಕದಲುತ್ತದೆ. ದೃಷ್ಟಿ ಕದಲಿದಾಗಲೇ ಪಂಕ್ತಿಲೋಪವೂ ಪುನರುಕ್ತಿಯೂ ಸಂಭವಿಸುತ್ತವೆ ಎಂಬುದು ಪ್ರಾಚೀನ ಲಿಪಿಕಾರರ ಸ್ಖಲಿತಗಳಿಂದಲೇ ನಮಗೆ ತಿಳಿದಿದೆ.

ಚಕ್ರಾಕಾರದ ಮೆನು ಈ ತೊಡಕಿಗೆ ಒಂದು ಪರಿಹಾರ. ಗುಂಡಿಯನ್ನು ಒತ್ತಿದೊಡನೆ ಮೌಸಿನ ಸೂಚಿ ಇರುವಲ್ಲಿಯೇ ಒಂದು ವೃತ್ತ ತೆರೆದುಕೊಳ್ಳುತ್ತದೆ. ಆಯ್ಕೆಗಳು ಅದರ ಸುತ್ತ ದಿಕ್ಕುಗಳಲ್ಲಿ ಹಂಚಿಕೊಂಡಿರುತ್ತವೆ. ಬೇಕಾದ ದಿಕ್ಕಿಗೆ ಕೈಯನ್ನು ಸ್ವಲ್ಪ ಸರಿಸಿದರೆ ಕೆಲಸ ನಡೆಯುತ್ತದೆ. ಎಲ್ಲ ಆಯ್ಕೆಗಳೂ ಕೇಂದ್ರದಿಂದ ಸಮದೂರದಲ್ಲಿರುವುದರಿಂದ ಪಟ್ಟಿಯ ಕೊನೆಯವರೆಗೆ ಇಳಿಯುವ ಶ್ರಮವಿಲ್ಲ. 1988ರಲ್ಲಿ ಕ್ಯಾಲಹನ್, ಹಾಪ್ಕಿನ್ಸ್, ವೈಸರ್ ಮತ್ತು ಶ್ನೈಡರ್‌ಮನ್ ಅವರು ಪ್ರಕಟಿಸಿದ ತುಲನೆಯಲ್ಲಿ, ಎಂಟು ಆಯ್ಕೆಗಳ ವೃತ್ತವು ಅಷ್ಟೇ ಆಯ್ಕೆಗಳ ನೇರಪಟ್ಟಿಗಿಂತ ಸುಮಾರು ಶೇಕಡಾ 15ರಷ್ಟು ಕಡಿಮೆ ಕಾಲವನ್ನು ತೆಗೆದುಕೊಂಡಿತು. ದಿಕ್ಕುಗಳು ಎಂಟನ್ನು ಮೀರಿದರೆ, ಅಥವಾ ವೃತ್ತದೊಳಗೆ ವೃತ್ತಗಳು ಎರಡು ಸ್ತರಗಳನ್ನು ದಾಟಿದರೆ ತಪ್ಪುಗಳು ಹೆಚ್ಚುತ್ತವೆ ಎಂಬುದು 1993ರಲ್ಲಿ ಪ್ರಕಟವಾದ ಕರ್ಟನ್‌ಬಾಕ್ ಮತ್ತು ಬಕ್ಸ್ಟನ್ ಅವರ ಅಧ್ಯಯನದಿಂದ ತಿಳಿದುಬರುತ್ತದೆ.

ಅಷ್ಟದಳಗಳ ಈ ಮಿತಿ ನಮಗೆ ಅಪರಿಚಿತವಲ್ಲ. ನವದೇವತಾಬಿಂಬದಲ್ಲಿ ಮಧ್ಯೆ ಅರ್ಹಂತರು, ನಾಲ್ಕು ದಿಕ್ಕುಗಳಲ್ಲಿ ಸಿದ್ಧ, ಆಚಾರ್ಯ, ಉಪಾಧ್ಯಾಯ, ಸಾಧುಗಳು, ವಿದಿಕ್ಕುಗಳಲ್ಲಿ ಜಿನಧರ್ಮ, ಜಿನಾಗಮ, ಜಿನಚೈತ್ಯ, ಜಿನಚೈತ್ಯಾಲಯಗಳು. ಅರ್ಚಿಸುವವನು ಯಾವ ದಳದಲ್ಲಿ ಯಾರೆಂಬುದನ್ನು ಹುಡುಕುವುದಿಲ್ಲ. ಸ್ಥಾನವೇ ಅವನಿಗೆ ಜ್ಞಾಪಕ. ಪೂಜ್ಯವಾದುದನ್ನು ಯಂತ್ರೋಪಕರಣಕ್ಕೆ ಸಮಗಟ್ಟುವುದು ಇಲ್ಲಿನ ಉದ್ದೇಶವಲ್ಲ. ಸ್ಥಾನವು ಬದಲಾಗದಿದ್ದರೆ ಮಾತ್ರ ಸ್ಮೃತಿಯು ಅದನ್ನು ಆಶ್ರಯಿಸಬಲ್ಲದು ಎಂಬುದಷ್ಟೇ ತಾತ್ಪರ್ಯ. ಆದುದರಿಂದ ಆಯ್ಕೆಯ ಮೊದಲ ಲಕ್ಷಣವಿದು: ಹೊಸದೊಂದು ಆಯ್ಕೆಯನ್ನು ಸೇರಿಸಿದಾಗ ಹಳೆಯವು ತಮ್ಮ ದಿಕ್ಕನ್ನು ಬಿಟ್ಟು ಕದಲದಂತೆ ಕಟ್ಟಿಡುವ ಸೌಲಭ್ಯ ಉಪಕರಣದಲ್ಲಿರಬೇಕು. ಕೇಂದ್ರವು ರದ್ದತಿಗೆ ಮೀಸಲಾಗಿರುವುದು ಒಳ್ಳೆಯದು.

ಎರಡನೆಯದು ಲಿಪಿಗಳ ವಿಷಯ. ಸಿಂಧನೂರು ಸೀಮೆಯ ಆರ್.ಎಚ್. ಕ್ಯಾಂಪ್‌ಗಳಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಗೊಂಡ ಕುಟುಂಬಗಳಿಗೆ ಬಂಗಾಳಿ ಮನೆಮಾತು, ಕನ್ನಡ ನಾಡಿನ ಭಾಷೆ. ಅಲ್ಲಿ ಎರಡು ಲಿಪಿಗಳನ್ನು ಒಂದೇ ಯಂತ್ರದಲ್ಲಿ ಬರೆಯಬೇಕಾದವನ ಅಗತ್ಯವೂ, ಕನ್ನಡ ಲಿಪಿಯ ಪ್ರಾಕೃತ ಪ್ರತಿಯನ್ನು ನಾಗರಿ ಮುದ್ರಿತಪಾಠದೊಡನೆ ಹೋಲಿಸುವ ಸಂಪಾದಕನ ಅಗತ್ಯವೂ ಈ ಅಂಶದಲ್ಲಿ ಒಂದೇ. ಲಿಪಿ ಬದಲಿಸುವ ದಳವೊಂದು ಚಕ್ರದಲ್ಲಿದ್ದರೆ ಇಬ್ಬರಿಗೂ ಉಪಕಾರ. ಉಪಕರಣವು ಯೂನಿಕೋಡ್ ಅಕ್ಷರಗಳನ್ನು ಕೆಡಿಸದೆ ಕಳುಹಿಸುವುದೇ ಎಂಬುದನ್ನು ೞಕಾರದಿಂದ ಪರೀಕ್ಷಿಸತಕ್ಕದ್ದು. ಯೂನಿಕೋಡ್ ಶಿಷ್ಟತೆಯಲ್ಲಿ ಈ ಅಕ್ಷರಕ್ಕೆ ‘ಫ಼’ ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ. ಹೆಸರನ್ನು ನೋಡಿ ಆರಿಸುವವರು ಮೋಸಹೋದಾರು. ಅಕ್ಷರದ ಸ್ವರೂಪವನ್ನೇ ನೋಡಿ ದಳದಲ್ಲಿ ಇಡಬೇಕು.

ಮೂರನೆಯದು ಅತ್ಯಂತ ಗಂಭೀರವಾದುದು. ಇಂಥ ಉಪಕರಣಗಳು ಒಂದೇ ಚಲನೆಯಿಂದ ಅನೇಕ ಕ್ರಿಯೆಗಳನ್ನು ತಾವಾಗಿ ಮಾಡಬಲ್ಲವು. ಕಡತವನ್ನು ತೆರೆಯುವುದು, ಓಲೆಯ ಚಿತ್ರವನ್ನು ಪಕ್ಕದಲ್ಲಿ ನಿಲ್ಲಿಸುವುದು, ದಿನದ ಕೆಲಸದ ನಕಲನ್ನು ಕಾದಿರಿಸುವುದು ಇವನ್ನು ಯಂತ್ರಕ್ಕೆ ವಹಿಸಲು ಅಡ್ಡಿಯಿಲ್ಲ. ಪಾಠವನ್ನು ತಿದ್ದುವುದನ್ನು ಮಾತ್ರ ಎಂದಿಗೂ ವಹಿಸಬಾರದು. ಕನ್ನಡ ಲಿಪಿಯ ಹಲವು ಪ್ರಾಕೃತ ಪ್ರತಿಗಳಲ್ಲಿ ದ್ವಿತ್ವವನ್ನು ವ್ಯಂಜನದ ಹಿಂದೆ ಬಿಂದುವನ್ನಿಟ್ಟು ಸೂಚಿಸುವ ರೂಢಿಯುಂಟು. ಅಲ್ಲಿ ‘ಅಂಥ’ ಎಂಬುದನ್ನು ‘ಅತ್ಥ’ ಎಂದು ಓದಬೇಕು. ಆದರೆ ‘ಗಂಥ’ ಎಂಬಲ್ಲಿ ಬಿಂದುವು ನಿಜವಾದ ಅನುಸ್ವಾರ. ಎಲ್ಲ ಬಿಂದುಗಳನ್ನೂ ದ್ವಿತ್ವವಾಗಿಸುವ ಮ್ಯಾಕ್ರೊ ಒಂದನ್ನು ಚಕ್ರದಲ್ಲಿ ಇಟ್ಟರೆ ‘ಅತ್ಥ’ದ ಜೊತೆಗೆ ‘ಗತ್ಥ’ವೂ ‘ಸಜ್ಜಮ’ವೂ ಹುಟ್ಟುತ್ತವೆ. ‘ಗ್ರಂಥ’ವೂ ‘ಸಂಯಮ’ವೂ ಒಂದು ಕ್ಷಣದಲ್ಲಿ ನೂರಾರು ಕಡೆ ಕಾಣೆಯಾಗುತ್ತವೆ. ಹಾಗೆಯೇ ಱಕಾರವನ್ನು ರಕಾರವಾಗಿಯೂ ೞಕಾರವನ್ನು ಳಕಾರವಾಗಿಯೂ ‘ಸರಿಪಡಿಸುವ’ ಮ್ಯಾಕ್ರೊ, ಬದುಕೆಂಬರ್ಥದ ‘ಬಾೞ್’ ಪದವನ್ನೂ ಖಡ್ಗವೆಂಬರ್ಥದ ‘ಬಾಳ್’ ಪದವನ್ನೂ ಒಂದಾಗಿಸುತ್ತದೆ. ಲಿಪಿಕಾರನೇ ಬೆರೆಸಿದ್ದರೆ ಅದು ಅವನ ಕಾಲದ ಉಚ್ಚಾರಣೆಗೆ ಸಾಕ್ಷ್ಯ. ಯಂತ್ರ ಬೆರೆಸಿದರೆ ಸಾಕ್ಷ್ಯದ ನಾಶ. ಇಂಥಲ್ಲಿ ದಳವು ಮಾಡಬೇಕಾದುದು ಇಷ್ಟೇ: ಸಂಪಾದಕನು ತೋರಿಸಿದ ಒಂದು ಸ್ಥಳದಲ್ಲಿ ಮೂಲಾಕ್ಷರವನ್ನು ಉಳಿಸಿ, ಪಕ್ಕದಲ್ಲಿ ಅವನ ಓದಿಗೆ ಕಂಸವನ್ನು ತೆರೆದುಕೊಡುವುದು.

ಈ ಲಕ್ಷಣಗಳಿಂದ ನೋಡಿದರೆ, ಸೀಮೋನ್ ಶ್ನೀಗಾನ್ಸ್ ಅವರು ರಚಿಸಿರುವ ಕ್ಯಾಂಡೊ ಎಂಬ ತಂತ್ರಾಂಶ ಪರಿಶೀಲನಾರ್ಹವಾಗಿದೆ. ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಉಚಿತವಾಗಿದ್ದು ಅದರ ಮೂಲಸಂಕೇತವೂ ಮುಕ್ತವಾಗಿದೆ. ಪಠ್ಯವನ್ನು ಸೇರಿಸುವುದು, ಕೀಲಿಗಳನ್ನು ಒತ್ತುವುದು, ಕಡತವನ್ನು ತೆರೆಯುವುದು ಇವುಗಳನ್ನು ದಳಗಳಿಗೆ ವಹಿಸಬಹುದು. ಚಕ್ರದ ವಿನ್ಯಾಸವನ್ನು ಅದು ಸಾಮಾನ್ಯ ಪಠ್ಯಕಡತದಲ್ಲಿ ಉಳಿಸುವುದರಿಂದ, ಒಂದು ಸಂಸ್ಥೆಯ ಎಲ್ಲ ಪ್ರತಿಕಾರರೂ ಒಂದೇ ವಿನ್ಯಾಸವನ್ನು ಬಳಸಲು ಸಾಧ್ಯ. ಆ ಕಡತವನ್ನು ಗ್ರಂಥದ ಪ್ರತಿಪರಿಚಯದೊಡನೆ ಕಾದಿರಿಸಿದರೆ ಯಾವ ಚಿಹ್ನೆ ಯಾವ ಕ್ರಮದಲ್ಲಿ ಬಳಕೆಯಾಯಿತು ಎಂಬುದು ಮುಂದಿನವರಿಗೆ ತಿಳಿಯುತ್ತದೆ. ವಿಂಡೋಸ್‌ಗೆ ಮಾತ್ರ ಮೀಸಲಾದ ಆಟೊಹಾಟ್‌ಕೀ ಇನ್ನೂ ಸಮರ್ಥವಾದುದು; ಆದರೆ ಅದರಲ್ಲಿ ಚಕ್ರವನ್ನು ಸಂಕೇತಲಿಪಿಯಿಂದ ರಚಿಸಿಕೊಳ್ಳಬೇಕಾದುದರಿಂದ ಬಲ್ಲವರ ನೆರವು ಬೇಕು. ಮೂಲಸಂಕೇತವನ್ನೂ ವಿನ್ಯಾಸವನ್ನೂ ಮುಚ್ಚಿಡುವ ತಂತ್ರಾಂಶವು ಎಷ್ಟೇ ಸುಂದರವಾಗಿದ್ದರೂ, ದಶಕಗಳ ಕಾಲ ನಡೆಯುವ ಸಂಪಾದನಕಾರ್ಯಕ್ಕೆ ಅದನ್ನು ಆಧಾರವಾಗಿಟ್ಟುಕೊಳ್ಳುವುದು ಯುಕ್ತವಲ್ಲ.

ಯಾವುದನ್ನು ಆರಿಸಿದರೂ, ಮೊದಲು ಒಂದೇ ಓಲೆಯ ಎರಡು ಬದಿಗಳನ್ನು ಅದರ ನೆರವಿನಿಂದ ಪ್ರತಿ ಮಾಡಿ, ಮತ್ತೊಬ್ಬರಿಂದ ಮೂಲದೊಡನೆ ಹೋಲಿಸಿ ನೋಡತಕ್ಕದ್ದು. ಒಂದು ದಳದ ಕ್ರಿಯೆಯನ್ನು ಒಂದೇ ಸಲಕ್ಕೆ ಹಿಂದೆಗೆಯಲು ಬರುವುದೇ ಎಂಬುದನ್ನೂ ಆಗಲೇ ಪರೀಕ್ಷಿಸಬೇಕು. ಮೂಡಬಿದಿರೆಯ ಸಿದ್ಧಾಂತಗ್ರಂಥಗಳ ಓಲೆಗಳು ಶತಮಾನಗಳನ್ನು ದಾಟಿ ನಮ್ಮವರೆಗೆ ಬಂದಿರುವುದು ಬರೆದವರ ಮತ್ತು ಕಾದವರ ಎಚ್ಚರದಿಂದ. ಕೈಯ ಶ್ರಮವನ್ನು ಚಕ್ರವು ಹಗುರಮಾಡಲಿ. ಪಾಠನಿರ್ಣಯದ ಹೊಣೆ ಓದುವವನಲ್ಲಿಯೇ ಉಳಿಯಬೇಕು.